ಕನ್ನಡಿಯ ಮುಂದೆ ಒಂದು ಯಂತ್ರದ ಆಮೆ

ಹೋದ ವರ್ಷ ನನ್ನ ಮಹಾಪ್ರಬಂಧದ ಮೊದಲ ಅಧ್ಯಾಯ ಓದಿದ ಮಾರ್ಗದರ್ಶಕರು ಅಂಚಿನಲ್ಲಿ ಬರೆದಿದ್ದು ಇಷ್ಟೇ: ‘ಇದು ನನ್ನ ದನಿ. ನಿಮ್ಮದೆಲ್ಲಿ?’ ನಾಚಿಕೆಯಾಯಿತು. ತಮಾಷೆಯೆಂದರೆ ಆ ಅಧ್ಯಾಯದ ವಿಷಯವೇ ಅನುಕರಣೆ.

1950ರಲ್ಲಿ ಇಂಗ್ಲೆಂಡಿನಲ್ಲಿದ್ದ ಇಬ್ಬರು ಈ ಪದವನ್ನೇ ಹಿಡಿದು ಯಂತ್ರಗಳ ಬಗ್ಗೆ ಬರೆದರು. ಉತ್ತರಗಳನ್ನಷ್ಟೇ ನೋಡಿ ಎದುರಿಗಿರುವುದು ಮನುಷ್ಯನೋ ಯಂತ್ರವೋ ಎಂದು ಪತ್ತೆಹಚ್ಚುವ ಅಲನ್ ಟ್ಯೂರಿಂಗನ ‘ಅನುಕರಣೆಯ ಆಟ’ ಅನೇಕರಿಗೆ ಗೊತ್ತು. ಬ್ರಿಸ್ಟಲ್‌ನ ನರವಿಜ್ಞಾನಿ ಗ್ರೇ ವಾಲ್ಟರ್ ಅಷ್ಟು ಪರಿಚಿತನಲ್ಲ. ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಅವನು ‘ಬದುಕಿನ ಅನುಕರಣೆ’ ಎಂಬರ್ಥದ ತಲೆಬರಹದಡಿ ಎಲ್ಮರ್, ಎಲ್ಸಿ ಎಂಬ ಎರಡು ಯಂತ್ರದ ಆಮೆಗಳನ್ನು ಪರಿಚಯಿಸಿದ. ಮೂರು ಗಾಲಿ, ಎರಡು ವಾಲ್ವು, ಬೆಳಕನ್ನು ಗುರುತಿಸುವ ಒಂದು ಕಣ್ಣು, ಮುಂದೊಂದು ಪುಟ್ಟ ದೀಪ. ಬೆಳಕು ಕಂಡರೆ ಅತ್ತ ಹೋಗುವುದು. ಆಗ ತನ್ನ ದೀಪ ಆರುವುದು.

ಅದನ್ನು ಕನ್ನಡಿಯೆದುರು ಬಿಟ್ಟರೆ ತನ್ನದೇ ದೀಪ ಕಾಣುತ್ತಿತ್ತು. ಕಂಡದ್ದೇ ದೀಪ ಆರುತ್ತಿತ್ತು. ಆರಿದ್ದರಿಂದ ಬೆಳಕು ಕಾಣದಾಗಿ, ದೀಪ ಮತ್ತೆ ಹೊತ್ತುತ್ತಿತ್ತು. ಹೀಗೆ ಮಿಣುಕುತ್ತ, ಕುಣಿಯುತ್ತ ಆಮೆ ಅಲ್ಲೇ ಉಳಿಯುತ್ತಿತ್ತು. ಪ್ರಾಣಿಯೊಂದು ಹೀಗೆ ಮಾಡಿದ್ದರೆ ಅದನ್ನು ಸ್ವಪ್ರಜ್ಞೆಯ ಸುಳಿವೆಂದು ಒಪ್ಪಬಹುದಿತ್ತು ಎಂಬುದು ವಾಲ್ಟರನ ಮಾತು. ಅದರಲ್ಲಿ ನನಗೆ ಕೊಂಚ ತುಂಟತನವೂ ಕಾಣುತ್ತದೆ.

ಪ್ರಾಣಿಗಳ ಸರದಿ ಬಂದದ್ದು 1970ರಲ್ಲಿ. ಅಮೆರಿಕದ ಗಾರ್ಡನ್ ಗ್ಯಾಲಪ್, ಕನ್ನಡಿಗೆ ಒಗ್ಗಿದ ಚಿಂಪಾಂಜಿಗಳಿಗೆ ಅರಿವಳಿಕೆ ಕೊಟ್ಟು ಹುಬ್ಬಿಗೆ, ಕಿವಿಗೆ ಕೆಂಪು ಬಣ್ಣ ಹಚ್ಚಿದ. ಎಚ್ಚರಾದ ಮೇಲೆ ಅವು ಕನ್ನಡಿ ನೋಡಿ ತಮ್ಮ ಮುಖವನ್ನೇ ಮುಟ್ಟಿಕೊಂಡವು. ಆದರೆ ನನ್ನನ್ನು ಕಾಡಿದ್ದು ಮರುವರ್ಷದ ಫಲಿತಾಂಶ: ಬೇರೆ ಚಿಂಪಾಂಜಿಗಳ ಒಡನಾಟವಿಲ್ಲದೆ ಒಂಟಿಯಾಗಿ ಬೆಳೆದವು ಈ ಪರೀಕ್ಷೆಯಲ್ಲಿ ತಮ್ಮನ್ನು ಗುರುತಿಸಿಕೊಳ್ಳಲಿಲ್ಲ. ಕನ್ನಡಿಯಿತ್ತು, ಕಣ್ಣಿತ್ತು; ಮೊದಲು ನೋಡಿ ಕಲಿಯಬೇಕಿದ್ದ ಇನ್ನೊಂದು ಮುಖ ಮಾತ್ರ ಇರಲಿಲ್ಲ.

ಇಂದಿನ ಭಾಷಾ ಮಾದರಿಗಳು ನಮ್ಮ ಬರಹದ ರಾಶಿಯಿಂದ ಕಲಿತು ‘ನಾನು’ ಎನ್ನುತ್ತವೆ. ಬರೀ ಗಿಳಿಪಾಠ ಎಂದು ನಾನೂ ನಕ್ಕಿದ್ದೇನೆ. ಆದರೆ ‘ನಾನು’ ಎಂಬ ಪದ ನನಗಾದರೂ ಎಲ್ಲಿಂದ ಬಂತು? ಅಮ್ಮ ತನ್ನ ಬಗ್ಗೆ ಹೇಳಿಕೊಳ್ಳುತ್ತಿದ್ದ ಪದವನ್ನು ಎತ್ತಿಕೊಂಡು ನನಗೆ ಅಂಟಿಸಿಕೊಂಡೆ. ಹಾಗೆಂದು ಮಾದರಿಯೂ ನಾನೂ ಒಂದೇ ಎನ್ನಲಾರೆ. ಚಿಂಪಾಂಜಿಗೆ ಬಣ್ಣ ಮೆತ್ತಿದ ಹುಬ್ಬೊಂದಿತ್ತು, ಮುಟ್ಟಿ ನೋಡಲು ಕೈಯಿತ್ತು. ಮಾದರಿಯ ‘ನಾನು’ ಯಾವುದನ್ನು ಮುಟ್ಟಿ ನೋಡಿಕೊಳ್ಳಬೇಕು?

ಅಧ್ಯಾಯವನ್ನು ಮತ್ತೆ ಬರೆದೆ. ಮಾರ್ಗದರ್ಶಕರ ದನಿಯ ಎರಡು ವಾಕ್ಯಗಳನ್ನು ಬೇಕೆಂದೇ ಉಳಿಸಿಕೊಂಡಿದ್ದೇನೆ. ಈ ಸಲ ಅವರು ಅವುಗಳಿಗೆ ಗೆರೆ ಎಳೆದಿಲ್ಲ.