ತೂಕ, ಧಾರಣೆ, ಉದ್ದರಿ: ಮಸ್ಕಿ–ಸಿಂಧನೂರು ಸೀಮೆಯ ವ್ಯಾಪಾರ

ಮಸ್ಕಿ ಎಂದೊಡನೆ ಅಶೋಕನ ಹೆಸರುಳ್ಳ ಶಾಸನ ನೆನಪಾಗುತ್ತದೆ. 1915ರಲ್ಲಿ ಅದನ್ನು ಬೆಳಕಿಗೆ ತಂದವನು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್. ವ್ಯಾಪಾರದ ಚರಿತ್ರೆಯನ್ನು ಅರಸುವವರಿಗಾದರೋ 1954ರಲ್ಲಿ ಬಿ. ಕೆ. ಥಾಪರ್ ಅಲ್ಲಿ ನಡೆಸಿದ ಉತ್ಖನನವೇ ಹೆಚ್ಚು ಉಪಯುಕ್ತ. ಕಡಲಿನಿಂದ ಬಹುದೂರದ ಈ ನೆಲದಲ್ಲಿ ಚಿಪ್ಪಿನ ಮಣಿಗಳು ದೊರೆತಿವೆ. ಕಾಣದ ಊರಿನ ಸರಕು ಈ ಸೀಮೆಗೆ ಹೊಸದಲ್ಲ. ಅದಕ್ಕೆ ಹೊಣೆ ಯಾರು ಎಂಬುದಕ್ಕೆ ದೊರೆಯುವ ಉತ್ತರ ಮಾತ್ರ ಕಾಲಕಾಲಕ್ಕೆ ಬದಲಾಗಿದೆ.

ಮಧ್ಯಯುಗದ ಕನ್ನಡ ನಾಡಿನಲ್ಲಿ ಅಯ್ಯಾವೊಳೆ ಐನೂರ್ವರಂಥ ವರ್ತಕಸಂಘಗಳು ಆ ಹೊಣೆ ಹೊತ್ತವು. ಶ್ರಾವಕನಾದ ವ್ಯಾಪಾರಿಗೆ ಇನ್ನೊಂದು ಕಟ್ಟಳೆಯೂ ಇತ್ತು. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನೂ ಪ್ರತಿರೂಪಕ ವ್ಯವಹಾರವನ್ನೂ ಎಣಿಸುತ್ತದೆ. ಕೊಳ್ಳುವಾಗ ಒಂದು ಅಳತೆ, ಮಾರುವಾಗ ಇನ್ನೊಂದು ಅಳತೆ ಮೊದಲನೆಯದು. ಅಸಲಿಯೆಂದು ನಕಲಿಯನ್ನು ಮಾರುವುದು ಎರಡನೆಯದು. ಇವನ್ನು ಸುಳ್ಳಿನ ಪ್ರಕರಣದಲ್ಲಿ ಇಡದೆ ಕಳವಿನ ಪ್ರಕರಣದಲ್ಲಿ ಇಟ್ಟಿರುವುದು ಗಮನಾರ್ಹ. ಫೋನಿನ ಪರದೆಯಲ್ಲಿ ಸೀರೆಯ ಪ್ರತಿರೂಪವನ್ನು ಮಾತ್ರ ನೋಡಿ ಹಣ ಕಟ್ಟುವ ನಮಗೆ ಈ ಎರಡನೆಯ ಅತಿಚಾರ ಅಪರಿಚಿತವೇನಲ್ಲ.

ನಿಜಾಮರ ಆಳ್ವಿಕೆಯಲ್ಲಿ ಈ ಸೀಮೆಯ ನಾಣ್ಯವೇ ಬೇರೆ. 7 ಹಾಲಿ ರೂಪಾಯಿಗೆ ಬ್ರಿಟಿಷ್ ಸೀಮೆಯ 6 ಕಲ್ದಾರ್ ರೂಪಾಯಿ. ಗಡಿಯಾಚೆಯ ವ್ಯಾಪಾರಕ್ಕೆ ಸಾಹುಕಾರನ ಹುಂಡಿಯೇ ಸೇತುವೆ. ಆ ಕಾಲದ ಮಂಡಿಗಳಲ್ಲಿ ದಲಾಲಿಯೂ ಖರೀದಿದಾರನೂ ಬಟ್ಟೆಯ ಮರೆಯಲ್ಲಿ ಬೆರಳು ಮುಟ್ಟಿ ಧಾರಣೆ ಕಟ್ಟುವ ರೂಢಿಯಿತ್ತು; ಬೆಳೆದವನು ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಅದು ತಿಳಿಯುತ್ತಿರಲಿಲ್ಲ. 1930ರ ಹೈದರಾಬಾದ್ ಕೃಷಿ ಮಾರುಕಟ್ಟೆ ಕಾಯಿದೆ, ಬಳಿಕ 1966ರ ರಾಜ್ಯ ಕಾಯಿದೆ ಮಾರುಕಟ್ಟೆಯನ್ನು ಕಟ್ಟುಪಾಡಿಗೆ ತಂದವು. ಆ ನಡುವೆ ತುಂಗಭದ್ರೆಯ ಎಡದಂಡೆ ಕಾಲುವೆ ಜೋಳ, ಹತ್ತಿಗಳ ಸಿಂಧನೂರನ್ನು ಭತ್ತದ ಸೀಮೆಯಾಗಿಸಿತು.

2014ರಲ್ಲಿ ಕರ್ನಾಟಕ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ಕೇಂದ್ರದ ಇ-ನಾಮ್ ಬಂದದ್ದು 2016ರಲ್ಲಿ. ಪ್ರತಿ ರಾಶಿಗೆ ಲಾಟ್ ಸಂಖ್ಯೆ. ವರ್ತಕರು ದೂರದಿಂದಲೂ ದರ ನಮೂದಿಸಬಹುದು. ವಿಚಿತ್ರವೆಂದರೆ ಗುಟ್ಟು ಇಲ್ಲಿಯೂ ಉಳಿದಿದೆ, ದಿಕ್ಕು ಮಾತ್ರ ಬದಲಾಗಿದೆ: ಅಂದು ರೈತನಿಂದ ಮರೆಮಾಡುತ್ತಿದ್ದರು, ಇಂದು ಒಬ್ಬ ವರ್ತಕನ ದರ ಇನ್ನೊಬ್ಬ ವರ್ತಕನಿಗೆ ಕಾಣದು. ಒಪ್ಪುವ ಬಿಡುವ ಹಕ್ಕು ರೈತನದು. ಎರಡು ಸಾವಿರ ವರ್ಷಗಳ ವ್ಯಾಪಾರಚರಿತ್ರೆಯಲ್ಲಿ ಇದು ಸಣ್ಣ ತಿರುವಲ್ಲ.

ಉದ್ದರಿಯ ಮಾತು ಬೇರೆ. ಭತ್ತದ ಸಾಹುಕಾರನ ಉಳಿಕೆಗೆ ಹಿಂದೆ ಇದ್ದ ದಾರಿಗಳು ಕೆಲವೇ: ಮುಂದಿನ ಬಿತ್ತನೆಯ ಸಾಲ, ಹೊಲ, ಚಿನ್ನ. 1996ರ ಡಿಪಾಸಿಟರಿ ಕಾಯಿದೆಯ ಬಳಿಕ ಷೇರು ಕಾಗದ ಬಿಟ್ಟು ಖಾತೆಯ ನಮೂದಾಯಿತು; 2015ರಿಂದ ಚಿನ್ನವೂ ಸರ್ಕಾರದ ಬಾಂಡಿನ ರೂಪದಲ್ಲಿ ಹಾಗೆಯೇ ಆಯಿತು, ಅದೂ ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಇನ್ನೂ ಬಂಡೆಯೊಡೆದು ಚಿನ್ನ ತೆಗೆಯುತ್ತಿರುವಾಗ! ಅಂಗಡಿಯ ಹಣ ಈಗ ಗಳಿಗೆಯಲ್ಲಿ ಮುಂಬಯಿಗೆ ಹೋಗಬಲ್ಲದು. ಗೊಬ್ಬರಕ್ಕೆ ಮುಂಗಡ ಪಡೆದ ರೈತ ಮಾತ್ರ ಸುಗ್ಗಿಯಲ್ಲಿ ಅದೇ ದಲಾಲಿ ಅಂಗಡಿಯ ಮುಂದೆ ಚೀಲ ಇಳಿಸಬೇಕು. ಪರದೆಯ ಮೇಲೆ ಲಾಟಿನ ದರ ಮೂಡುತ್ತದೆ. ಬಾಕಿಯ ಲೆಕ್ಕ ಕೆಂಪು ಬಟ್ಟೆ ಹೊದಿಸಿದ ಖಾತೆ ಪುಸ್ತಕದಲ್ಲಿದೆ.