ಲಿಯೋನಿನಿಂದ ಹುಬ್ಬಳ್ಳಿಗೆ ಬಂದ ನೀರಿನ ಕಂಪನಿ

ಫ್ರಾನ್ಸಿನ ಮೂರನೆಯ ನೆಪೋಲಿಯನ್ನನ ಆಳ್ವಿಕೆಯನ್ನು ಪಾಠ ಮಾಡುವಾಗ ಕ್ರಿಮಿಯಾ ಯುದ್ಧ, ಸೆಡಾನಿನ ಸೋಲು ಇಷ್ಟನ್ನು ಹೇಳಿ ನಾವು ಮುಂದಿನ ಅಧ್ಯಾಯಕ್ಕೆ ಹೋಗುತ್ತಿದ್ದೆವು. 1853ರಲ್ಲಿ ಅವನ ರಾಜಾಜ್ಞೆಯಿಂದ ಒಂದು ನೀರಿನ ಕಂಪನಿ ಸ್ಥಾಪನೆಯಾಯಿತೆಂಬ ಸಂಗತಿ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಕಂಪನಿ ಜೆನೆರಾಲ್ ದೆಝೋ ಎಂಬ ಆ ಸಂಸ್ಥೆಗೆ ಮೊದಲು ದೊರೆತದ್ದು ಲಿಯೋನ್ ನಗರಕ್ಕೆ ನೀರು ಒದಗಿಸುವ ಗುತ್ತಿಗೆ. 152 ವರ್ಷಗಳ ತರುವಾಯ, 2005ರಲ್ಲಿ, ವಿಯೋಲಿಯಾ ಎಂಬ ಹೊಸ ಹೆಸರಿನೊಡನೆ ಅದೇ ಕಂಪನಿ ನಮ್ಮ ಹುಬ್ಬಳ್ಳಿ-ಧಾರವಾಡಕ್ಕೆ ಬಂದಿತು.

ಖಾಸಗೀಕರಣವೆಂಬ ಒಂದೇ ಮಾತಿನಿಂದ ನಾವು ತೀರ ಬೇರೆಬೇರೆಯಾದ ವ್ಯವಸ್ಥೆಗಳನ್ನು ಕರೆಯುತ್ತೇವೆ. 1989ರಲ್ಲಿ ಮಾರ್ಗರೆಟ್ ಥ್ಯಾಚರ್ ಅವರ ಸರಕಾರವು ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಹತ್ತು ಪ್ರಾದೇಶಿಕ ಜಲ ಪ್ರಾಧಿಕಾರಗಳನ್ನು ಕೊಳವೆ, ಜಲಾಶಯಗಳ ಸಮೇತ ಮಾರಿಬಿಟ್ಟಿತು. ಫ್ರಾನ್ಸಿನಲ್ಲಿ ಹಾಗಲ್ಲ, ಅಲ್ಲಿ ಕೊಳವೆಗಳು ಊರಿನವು, ನಡೆಸುವ ಕೆಲಸ ಮಾತ್ರ ಗುತ್ತಿಗೆದಾರನದು. ಹುಬ್ಬಳ್ಳಿ-ಧಾರವಾಡದಲ್ಲಿ ನಡೆದದ್ದು ಈ ಎರಡನೆಯದರ ಇನ್ನೂ ಸೌಮ್ಯವಾದ ರೂಪ. ಇದನ್ನು ಗಮನಿಸದೆ ನಮ್ಮಲ್ಲಿ ಪರ ವಿರೋಧಗಳ ವಾದ ಬಹಳ ನಡೆಯಿತೆಂದು ನನ್ನ ಅಭಿಪ್ರಾಯ.

ಅವಳಿ ನಗರದ ನೀರಿನ ಕಥೆ ದೂರದೂರಕ್ಕೆ ಹೋಗುತ್ತ ಬಂದ ಕಥೆ. ಮೊದಲು ಉಣಕಲ್ ಮತ್ತು ಕೆಲಗೇರಿ ಕೆರೆಗಳು, 1955ರಲ್ಲಿ ನೀರಸಾಗರ, 1983ರಿಂದ ಸವದತ್ತಿಯ ಕಡೆಯ ಮಲಪ್ರಭೆ. ಆದರೂ ಬಹುತೇಕ ಬಡಾವಣೆಗಳಿಗೆ ನೀರು ಬರುತ್ತಿದ್ದದ್ದು ಕೆಲವು ದಿನಗಳಿಗೊಮ್ಮೆ. ಅಂದು ಮನೆಯಲ್ಲಿರುವ ಕೊಡ, ಹಂಡೆ, ಬಕೆಟ್ಟುಗಳೆಲ್ಲ ತುಂಬಬೇಕು. ಹಿಂದಿನ ಸಲ ಹಿಡಿದಿಟ್ಟ ನೀರನ್ನು "ಹಳೇ ನೀರು" ಎಂದು ಚೆಲ್ಲಲೂಬೇಕು. ನೀರು ಬರುವ ದಿನ ಹುಡುಗಿಯರ ಸಾಲಿನಲ್ಲಿ ಎರಡು ಮೂರು ಜಾಗಗಳು ಖಾಲಿ ಇರುತ್ತಿದ್ದವು. ಹುಡುಗರ ಸಾಲಿನಲ್ಲಿ ಅಷ್ಟಾಗಿ ಇರುತ್ತಿರಲಿಲ್ಲ.

ಸಂವಿಧಾನದ 74ನೆಯ ತಿದ್ದುಪಡಿಯು (1992) ನೀರು ಪೂರೈಕೆಯನ್ನು ನಗರಸಂಸ್ಥೆಗಳಿಗೆ ಒಪ್ಪಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಸೇರಿಸಿತು. ಪೌರನೀತಿ ಪಾಠದಲ್ಲಿ ಇದನ್ನು ನಿಮ್ಮಲ್ಲಿ ಅನೇಕರು ಬಾಯಿಪಾಠ ಮಾಡಿದ್ದೀರಿ. ಆದರೆ ನಮ್ಮಲ್ಲಿ 2003ರಲ್ಲಿ ಆದದ್ದು ಇದಕ್ಕೆ ವಿರುದ್ಧ: ನೀರಿನ ಹೊಣೆ ಮಹಾನಗರ ಪಾಲಿಕೆಯ ಕೈಯಿಂದ ರಾಜ್ಯದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಗೆ ಹೋಯಿತು. ಮರುವರ್ಷ, 2004ರಲ್ಲಿ, ವಿಶ್ವಬ್ಯಾಂಕು 3.95 ಕೋಟಿ ಡಾಲರುಗಳ ಸಾಲವನ್ನು ಮಂಜೂರು ಮಾಡಿತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಗುಲ್ಬರ್ಗ (ಇಂದಿನ ಕಲಬುರಗಿ) ಈ ಊರುಗಳ ಸುಮಾರು ಹತ್ತನೆಯ ಒಂದು ಪಾಲು ಜನರಿಗೆ ದಿನದ 24 ಗಂಟೆಯೂ ನೀರು ಕೊಟ್ಟು ತೋರಿಸುವುದು ಯೋಜನೆಯ ಉದ್ದೇಶ. ಆರಿಸಿದ ಪ್ರದೇಶಗಳಿಗೆ "ಪ್ರಾತ್ಯಕ್ಷಿಕೆ ವಲಯ" ಎಂದು ಹೆಸರಿಟ್ಟರು.

2008ರ ಹೊತ್ತಿಗೆ ತೋರಿಸಿದರು ಕೂಡ. ಹಗಲು ರಾತ್ರಿ ಎನ್ನದೆ ಯಾವ ಗಳಿಗೆಯಲ್ಲಿ ತಿರುಗಿಸಿದರೂ ನಳದಲ್ಲಿ ನೀರು! ಸಗಟು ನೀರು ಸಾಲದು, ಜನ ಪೋಲು ಮಾಡುತ್ತಾರೆ, ಆಗದ ಮಾತು ಎಂದು ಹೇಳುತ್ತಿದ್ದ ಇಂಜಿನಿಯರುಗಳು ಮೂಗಿನ ಮೇಲೆ ಬೆರಳಿಟ್ಟರು.

ಇದರ ಲಾಭ ಬರಿಯ ಅನುಕೂಲವಲ್ಲ. ನೀರು ನಿಂತಾಗ ಕೊಳವೆಯಲ್ಲಿ ಒತ್ತಡ ಇಳಿದುಹೋಗುತ್ತದೆ. ಆಗ ಬಿರುಕುಗಳ ಮೂಲಕ ಸುತ್ತಲಿನ ಮಣ್ಣಿನ, ಗಟಾರದ ಕೊಳೆನೀರು ಒಳಗೆ ಸೇರುತ್ತದೆ. ಕೊಳವೆ ಸದಾ ತುಂಬಿದ್ದರೆ ಸೋರಿಕೆ ಒಳಗಿನಿಂದ ಹೊರಗೆ ಮಾತ್ರ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಅವಳಿ ನಗರದಲ್ಲಿಯೇ ನಳದ ನೀರನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಟ್ಟುಬಿಟ್ಟು ನೀರು ಬರುವ ಕಡೆ ಸುಮಾರು ಮೂರರಲ್ಲಿ ಒಂದು ಮಾದರಿಯಲ್ಲಿ ಮಲಮೂಲದ ಇ. ಕೋಲಿ ಬ್ಯಾಕ್ಟೀರಿಯಾ ಕಂಡಿತು. ನಿರಂತರ ನೀರಿನ ವಲಯದಲ್ಲಿ ನೂರಕ್ಕೆ ಒಂದರಲ್ಲಿಯೂ ಇಲ್ಲ. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ ನಿರಂತರ ನೀರಿನ ಮನೆಗಳಲ್ಲಿ ವಿಷಮಶೀತಜ್ವರ ಕಡಿಮೆ ವರದಿಯಾಗಿತ್ತು. ಬಡವರ ಮನೆಗಳ ಎಳೆಯ ಮಕ್ಕಳಲ್ಲಿ ರಕ್ತಭೇದಿಯೂ ಕಡಿಮೆ. ಸಾಮಾನ್ಯ ಭೇದಿಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಡವರ ಮಕ್ಕಳ ರಕ್ತಭೇದಿಯ ಎದುರು ತಾತ್ವಿಕ ವಾದಗಳು ನನಗೆ ಹಗುರವಾಗಿ ಕಾಣುತ್ತವೆ. ಕಂಪನಿ ಬೇಡವೆನ್ನುತ್ತಿದ್ದ ನನ್ನ ಸಮಾಜವಾದಿ ಮಿತ್ರರಿಗೂ ಇದನ್ನೇ ಹೇಳಿದ್ದೇನೆ.

ಆದರೆ ಈ ಯಶಸ್ಸು ಯಾರದು ಎಂದು ಕೇಳುವುದು ಇತಿಹಾಸದ ಮೇಷ್ಟರ ಹಳೆಯ ಚಟ. ಕಂಪನಿ ತನ್ನ ಬಂಡವಾಳ ಹೂಡಲಿಲ್ಲ. ಹಣ ವಿಶ್ವಬ್ಯಾಂಕಿನ ಸಾಲದ್ದು, ಸರಕಾರದ್ದು. ಅಂದರೆ ಕಡೆಗೆ ನಮ್ಮ ತೆರಿಗೆಯದು. ಸಗಟು ನೀರನ್ನು ತಪ್ಪದೆ ಒದಗಿಸುವ ಹೊಣೆ ಮಂಡಳಿಯದು. ದರ ನಿಗದಿ ಸರಕಾರದ್ದು. ಆ ವಲಯಗಳಲ್ಲಿ ಹಳೆಯ ಕೊಳವೆಗಳನ್ನು ಬಿಟ್ಟು ಹೊಸದಾಗಿಯೇ ಜಾಲ ಹಾಕಿದರು, ಮನೆಮನೆಗೂ ಮೀಟರು ಕೂಡಿಸಿದರು. ಕಂಪನಿ ತಂದದ್ದು ಕೌಶಲ ಮತ್ತು ಶಿಸ್ತು: ಸೋರಿಕೆ ಹುಡುಕುವುದು, ಲೆಕ್ಕವಿಡುವುದು, ದೂರಿಗೆ ಉತ್ತರಿಸುವುದು. ಇದು ಸಣ್ಣದಲ್ಲ, ಅದಕ್ಕೆ ಶುಲ್ಕವನ್ನೂ ಪಡೆಯಿತು. ಆದರೆ ಹೊಸ ಕೊಳವೆ, ಖಾತ್ರಿಯ ನೀರು, ಬೇಕಾದ ಹಣ ಇಷ್ಟನ್ನು ನಮ್ಮದೇ ಮಂಡಳಿಗೆ ಕೊಟ್ಟಿದ್ದರೆ ಏನಾಗುತ್ತಿತ್ತು? ಆ ಪ್ರಯೋಗವನ್ನು ಪಕ್ಕದ ವಾರ್ಡಿನಲ್ಲಿ ಯಾರೂ ಮಾಡಿ ನೋಡಲಿಲ್ಲ. ಹಾಗಿರುವಾಗ ಪ್ರಾತ್ಯಕ್ಷಿಕೆಯಿಂದ ಸಾಬೀತಾದದ್ದು ನಿರಂತರ ನೀರು ಸಾಧ್ಯವೆಂಬುದಷ್ಟೇ. ಖಾಸಗಿಯವರಿಂದ ಮಾತ್ರ ಸಾಧ್ಯವೆಂಬುದಲ್ಲ.

ಪ್ಯಾರಿಸ್ ನಗರದಲ್ಲಿ ಸೇನ್ ನದಿಯ ಬಲದಂಡೆಯ ವಿತರಣೆ 1985ರಿಂದ ಇದೇ ಕಂಪನಿಯದಾಗಿತ್ತು, ಎಡದಂಡೆ ಇನ್ನೊಂದರದು. 2009ರ ಕೊನೆಗೆ ಗುತ್ತಿಗೆಗಳು ಮುಗಿದಾಗ ನಗರವು ಅವನ್ನು ನವೀಕರಿಸದೆ, 2010ರ ಜನವರಿಯಿಂದ ನೀರನ್ನು ತನ್ನದೇ ಸಂಸ್ಥೆಯ ಕೈಗೆ ತೆಗೆದುಕೊಂಡಿತು. ಮರುವರ್ಷ ದರವನ್ನು ಶೇ. 8ರಷ್ಟು ಇಳಿಸಿತು. ಪ್ಯಾರಿಸ್ಸಿನವರು ಕಂಪನಿಯನ್ನು ಕಳುಹಿಸಿಕೊಟ್ಟ ಹೊತ್ತಿನಲ್ಲಿ ಇಲ್ಲಿ ಅದರ ಹಾದಿಯನ್ನೇ ಮಾದರಿಯೆಂದು ದೇಶದ ಬೇರೆ ಊರುಗಳ ಅಧಿಕಾರಿಗಳಿಗೆ ತೋರಿಸುತ್ತಿದ್ದರು.

ಉಳಿದ ಒಂಬತ್ತು ಪಾಲು ಜನರ ವಿಷಯ ಹೇಳಬೇಕು. ಒಂದು ಓಣಿಯಲ್ಲಿ ಸದಾ ನೀರು, ರಸ್ತೆ ದಾಟಿದರೆ ಮತ್ತೆ ಕೊಡಗಳ ಸಾಲು. ಈ ವ್ಯವಸ್ಥೆಯನ್ನು ಇಡೀ ಅವಳಿ ನಗರಕ್ಕೆ ವಿಸ್ತರಿಸಲು ವಿಶ್ವಬ್ಯಾಂಕು 10 ಕೋಟಿ ಡಾಲರುಗಳ ಎರಡನೆಯ ಸಾಲ ಮಂಜೂರು ಮಾಡಿದ್ದು 2016ರಲ್ಲಿ. ಆಮೇಲೆ ಆ ಕೆಲಸದ ಗುತ್ತಿಗೆ ಎಲ್ ಅಂಡ್ ಟಿ ಕಂಪನಿಗೆ ಹೋಯಿತು. ಮೊದಲ ಸಾಲಕ್ಕೂ ಎರಡನೆಯದಕ್ಕೂ ನಡುವೆ 12 ವರ್ಷ. 2004ರಲ್ಲಿ ಒಂದನೆಯ ತರಗತಿಗೆ ಸೇರಿದ ಹುಡುಗಿ, ನೀರು ಬರುವ ದಿನಗಳಂದು ಶಾಲೆ ತಪ್ಪಿಸಿಕೊಂಡೂ ಪಾಸಾಗುತ್ತ ಬಂದಿದ್ದರೆ, ಅಷ್ಟರಲ್ಲಿ ಪಿ.ಯು.ಸಿ. ಮುಗಿಸಿರುತ್ತಾಳೆ.