ಮಕ್ಕಳ ಕೀವುಗುಳ್ಳೆ ಸೋರಿಯಾಸಿಸ್

ಚರ್ಮರೋಗತಜ್ಞ ಲಿಯೋ ಫಾನ್ ಜುಂಬುಷ್ 1910ರಲ್ಲಿ ವಿವರಿಸಿದ, ಮೈಯೆಲ್ಲ ಹರಡುವ ಈ ತೀವ್ರ ಸೋರಿಯಾಸಿಸ್ ಮಕ್ಕಳಲ್ಲಿ ಬಹಳ ವಿರಳ. ಜ್ವರ, ನಿತ್ರಾಣಗಳೊಂದಿಗೆ ಚರ್ಮ ಕೆಂಪೇರಿ, ಅದರ ಮೇಲೆ ಸಾಸಿವೆ ಗಾತ್ರದ ಕೀವುಗುಳ್ಳೆಗಳು ಗುಂಪುಗುಂಪಾಗಿ ಎದ್ದು, ಒಂದಕ್ಕೊಂದು ಕೂಡಿಕೊಂಡು, ಕೆಲವೇ ದಿನಗಳಲ್ಲಿ ಒಣಗಿ ಸಿಪ್ಪೆಯಾಗಿ ಉದುರುತ್ತವೆ. ಮಕ್ಕಳಲ್ಲಿ ಇವು ಉಂಗುರಾಕಾರವಾಗಿ ಹರಡುವುದೂ ಉಂಟು.

ಈ ಕೀವಿನಲ್ಲಿ ರೋಗಾಣುಗಳಿರುವುದಿಲ್ಲ. ಇದನ್ನು ಸೋಂಕೆಂದೇ ಭಾವಿಸಿ ಪ್ರತಿಜೀವಕಗಳನ್ನು ಕೊಡುತ್ತ ಹೋದರೆ ಅಮೂಲ್ಯ ಸಮಯ ಕಳೆದುಹೋಗುವುದರಿಂದ, ಒಡೆಯದ ಗುಳ್ಳೆಯ ಕೀವನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸಿ, ಬಯಾಪ್ಸಿಯಲ್ಲಿ ಹೊರಚರ್ಮದೊಳಗೆ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಶೇಖರಗೊಂಡಿವೆಯೇ ಎಂದು ನೋಡಿ, ಔಷಧಗಳ ಅಡ್ಡಪರಿಣಾಮದಿಂದ ಏಳುವ ಇಂಥವೇ ಗುಳ್ಳೆಗಳಿಂದ ಇದನ್ನು ಬೇರ್ಪಡಿಸಬೇಕಾಗುತ್ತದೆ. ಹಲವು ರೋಗಿಗಳಲ್ಲಿ ಉರಿಯೂತಕ್ಕೆ ಕಡಿವಾಣ ಹಾಕುವ ಪ್ರೋಟೀನನ್ನು ರೂಪಿಸುವ ಐಎಲ್36ಆರ್‌ಎನ್ ವಂಶವಾಹಿಯಲ್ಲಿ ದೋಷವಿರುವುದು 2011ರಲ್ಲಿ ಬೆಳಕಿಗೆ ಬಂದಿತು.

ತೀವ್ರ ಹಂತದಲ್ಲಿ ಮಗುವನ್ನು ಆಸ್ಪತ್ರೆಗೆ ಸೇರಿಸಿ, ದೇಹದ ನೀರು, ಲವಣ, ಉಷ್ಣತೆಗಳನ್ನು ಕಾಯ್ದುಕೊಳ್ಳುವುದೇ ಮೊದಲ ಚಿಕಿತ್ಸೆ. ಅಸಿಟ್ರೆಟಿನ್, ಸೈಕ್ಲೊಸ್ಪೋರಿನ್, ಮೆಥೊಟ್ರೆಕ್ಸೇಟ್‌ಗಳು ಬಹುಕಾಲದಿಂದ ಬಳಕೆಯಲ್ಲಿದ್ದು, ಅಸಿಟ್ರೆಟಿನ್ ದೀರ್ಘಕಾಲ ಕೊಟ್ಟಾಗ ಮೂಳೆಗಳ ಬೆಳವಣಿಗೆಯ ಮೇಲೆ ಕಣ್ಣಿಡಬೇಕು. ಈ ಉರಿಯೂತದ ಮೂಲಸಂಕೇತವನ್ನೇ ತಡೆಯುವ ಸ್ಪೆಸೊಲಿಮ್ಯಾಬ್‌ಗೆ ಅಮೆರಿಕ 2024ರಲ್ಲಿ, ಕನಿಷ್ಠ 40 ಕಿಲೋ ತೂಕದ, 12 ವರ್ಷ ತುಂಬಿದ ಮಕ್ಕಳಿಗೂ ಅನುಮತಿ ನೀಡಿತು. ಸ್ಟೀರಾಯ್ಡ್ ಗುಳಿಗೆಗಳನ್ನು ಹಠಾತ್ತನೆ ನಿಲ್ಲಿಸಿದರೆ ರೋಗ ಉಲ್ಬಣಿಸಬಹುದಾದ್ದರಿಂದ ವೈದ್ಯರ ಸಲಹೆಯಿಲ್ಲದೆ ಅವುಗಳನ್ನು ಕೊಡುವುದಾಗಲಿ ನಿಲ್ಲಿಸುವುದಾಗಲಿ ಕೂಡದು.